ಹಿಮ ಬೀಳುವ ಮುಂಚೆಯೇ ಸುಸ್ತಾದ ಹುಡುಗಿ: ಒಂದು ಕಾಲೇಜು ಸ್ಕೀ ತಂಡದ ಶರತ್ಕಾಲ

ಅಕ್ಟೋಬರ್ ಮೂರನೇ ವಾರದ ಒಂದು ಶನಿವಾರ. ಅಮೆರಿಕದ ವರ್ಮಾಂಟ್ ರಾಜ್ಯದ ಒಂದು ಹಳ್ಳಿರಸ್ತೆ. ಎರಡೂ ಬದಿ ಮೇಪಲ್ ಮರಗಳು, ಅರ್ಧ ಎಲೆ ಕೊಂಬೆಯಲ್ಲಿ, ಅರ್ಧ ಟಾರಿನ ಮೇಲೆ. ನಾನು ವ್ಯಾನಿನ ಹಿಂದಿನ ಬಾಗಿಲು ತೆಗೆದು, ನೀರಿನ ಕ್ಯಾನಿನ ಪಕ್ಕ ಲ್ಯಾಕ್ಟೇಟ್ ಮೀಟರ್ (ಮೈ ಜೋರಾಗಿ ದುಡಿದಷ್ಟೂ ರಕ್ತದಲ್ಲಿ ಏರುವ ಲ್ಯಾಕ್ಟೇಟನ್ನು ಅಳೆಯುವ ಯಂತ್ರ) ಇಟ್ಟುಕೊಂಡು ಕಾಯುತ್ತಿದ್ದೆ. ಆ ಹುಡುಗಿ ಗಾಲಿಯ ಸ್ಕೀ, ಅಂದರೆ ರೋಲರ್ ಸ್ಕೀ ಮೇಲೆ ಏರು ಹತ್ತಿ ಬಂದಳು. ಬಂದವಳೇ ಕೈಯಲ್ಲಿನ ಎರಡೂ ಊರುಗೋಲುಗಳ, ಅಂದರೆ ಪೋಲ್‌ಗಳ ಮೇಲೆ ಮೈಭಾರ ಬಿಟ್ಟು ಬಗ್ಗಿ ನಿಂತಳು. ಅವಳ ಕಿವಿಯ ತುದಿ ಒರೆಸಿ, ಚುಚ್ಚಿ, ಒಂದು ಹನಿ ರಕ್ತವನ್ನು ಪಟ್ಟಿಗೆ ಮುಟ್ಟಿಸಿದೆ. ಮೀಟರ್ 1.9 ಎಂದು ತೋರಿಸಿತು.

‘ಹತ್ತಕ್ಕೆ ಎಷ್ಟು ಕಷ್ಟ ಆಯ್ತು?’ ಎಂದು ಕೇಳಿದೆ.

‘ಒಂಬತ್ತು’ ಅಂದಳು.

ನೋಟ್‌ಬುಕ್ಕಿನಲ್ಲಿ 1.9 ಎಂದು ಬರೆದೆ. ಪಕ್ಕದಲ್ಲಿ ‘ಚೆನ್ನಾಗಿದೆ’ ಎಂದೂ ಬರೆದೆ. ಅವಳು ಹೇಳಿದ ಒಂಬತ್ತನ್ನು ಬರೆಯಲೇ ಇಲ್ಲ.

ಈ ಪ್ರಕರಣ ಅಲ್ಲಿಂದಲೇ ಶುರುವಾಗಬೇಕು. ಯಾಕಂದ್ರೆ ತಪ್ಪು ಕಾಣಿಸಿದ್ದು ಅಲ್ಲಿ, ಕಾಣಿಸಿಯೂ ನಾನು ನೋಡದೇ ಹೋದದ್ದೂ ಅಲ್ಲಿಯೇ.

ನಾನು ಶಿವಮೊಗ್ಗದ ಕಡೆಯವನು. ಫಿಸಿಯೋಥೆರಪಿ ಓದಿ, ಕೆಲಸಕ್ಕೆಂದು ಈ ಕಡೆ ಬಂದೆ. ಇಲ್ಲಿಗೆ ಬಂದ ಮೇಲೆಯೇ ಸ್ಕೀ ಕಲಿತದ್ದು. ಕೆಲವು ವರ್ಷ ಒಂದು ಕಾಲೇಜಿನ ಕ್ರಾಸ್ ಕಂಟ್ರಿ ಸ್ಕೀ ತಂಡಕ್ಕೆ ಬಿಡುವಿನ ವೇಳೆಯಲ್ಲಿ ಸಹಾಯಕನಾಗಿದ್ದೆ. ವ್ಯಾನ್ ಓಡಿಸುವುದು, ನೀರು ಕೊಡುವುದು, ಬಿದ್ದವರ ಮೊಣಕೈ ತೊಳೆಯುವುದು, ರಕ್ತದ ಹನಿ ಪರೀಕ್ಷಿಸುವುದು, ಇಷ್ಟು ನನ್ನ ಕೆಲಸ. ಕಾಲೇಜಿನ ಹೆಸರು, ಹುಡುಗಿಯ ಹೆಸರು, ವರ್ಷ, ಯಾವುದನ್ನೂ ಹೇಳುವುದಿಲ್ಲ. ಅವಳು ಆ ವರ್ಷ ಆಗಸ್ಟ್ ಕೊನೆಯಲ್ಲಿ ಮೊದಲ ವರ್ಷಕ್ಕೆ ಸೇರಿದ್ದಳು. ಹದಿನೆಂಟು ವರ್ಷ. ಇಲ್ಲಿ ಅವಳನ್ನು ‘ಹೊಸ ಹುಡುಗಿ’ ಎಂದೇ ಕರೆಯುತ್ತೇನೆ, ತಂಡದಲ್ಲೂ ಮೊದಮೊದಲು ಹಾಗೇ ಕರೆಯುತ್ತಿದ್ದರು.

ಹಿಮವೇ ಇಲ್ಲದ ಸ್ಕೀ

ಸ್ಕೀ ಅಂದ್ರೆ ನಮ್ಮ ಕಣ್ಣಿಗೆ ಬರುವುದು ಬಿಳಿ ಇಳಿಜಾರು, ಸರ್ರನೆ ಜಾರುವ ಜನ. ಅದು ಆಲ್ಪೈನ್. ಕ್ರಾಸ್ ಕಂಟ್ರಿ ಬೇರೆ. ಅಲ್ಲಿ ಏರನ್ನೂ ನಾವೇ ಹತ್ತಬೇಕು, ಕೈಕಾಲು ಎರಡರ ಬಲದಲ್ಲಿ. ಉಸಿರು, ಹೃದಯ, ತೋಳು, ಬೆನ್ನು, ತೊಡೆ, ಎಲ್ಲವೂ ಒಟ್ಟಿಗೆ ದುಡಿಯುವ ಆಟ ಇದರಷ್ಟು ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಭಾರತದ ಪರವಾಗಿ ಸ್ಪರ್ಧಿಸುವುದು ಇದೇ ಆಟದಲ್ಲಿ.

ಅಮೆರಿಕದ ಕಾಲೇಜುಗಳ ರಾಷ್ಟ್ರಮಟ್ಟದ ಸ್ಕೀ ಚಾಂಪಿಯನ್‌ಶಿಪ್ 1954ರಲ್ಲಿ ಶುರುವಾಯಿತು. 1983ರಿಂದ ಹುಡುಗರು, ಹುಡುಗಿಯರು, ಆಲ್ಪೈನ್, ಕ್ರಾಸ್ ಕಂಟ್ರಿ ಎಲ್ಲರ ಅಂಕ ಒಂದೇ ತಂಡದ ಲೆಕ್ಕಕ್ಕೆ ಸೇರುತ್ತದೆ. ಒಂದು ಕಾಲೇಜಿನಿಂದ ಅಲ್ಲಿಗೆ ಹೋಗಲು ಜಾಸ್ತಿ ಅಂದ್ರೆ 12 ಮಂದಿಗೆ ಅವಕಾಶ. ಕ್ರಾಸ್ ಕಂಟ್ರಿಗೆ ಮೂವರು ಹುಡುಗಿಯರು, ಮೂವರು ಹುಡುಗರು. ಅಷ್ಟೇ. ಪೂರ್ವ ರಾಜ್ಯಗಳಲ್ಲಿ ಜನವರಿ, ಫೆಬ್ರವರಿಯ ವಾರಾಂತ್ಯಗಳಲ್ಲಿ ನಡೆಯುವ ರೇಸುಗಳಿಗೆ ‘ಕಾರ್ನಿವಲ್’ ಎನ್ನುತ್ತಾರೆ. ಡಾರ್ಟ್‌ಮತ್ ಕಾಲೇಜಿನ ವಿಂಟರ್ ಕಾರ್ನಿವಲ್ 1911ರಿಂದ ಬಂದದ್ದು. ಕಾರ್ನಿವಲ್ಲಿಗೆ ಆಯ್ಕೆಯಾಗುವುದೇ ಒಂದು ಗೆಲುವು.

ಆದರೆ ರೇಸಿನ ಕಾಲ ಎರಡು ತಿಂಗಳು ಮಾತ್ರ. ಅದಕ್ಕೆ ಮೈಯನ್ನು ಕಟ್ಟುವುದು ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್‌ನಲ್ಲಿ. ಆಗ ಹಿಮ ಇರುವುದಿಲ್ಲ. ಹಾಗಾಗಿ ರೋಲರ್ ಸ್ಕೀ. ಮೊಣಕಾಲಿನಷ್ಟು ಎತ್ತರಕ್ಕೂ ಬಾರದ, ಎರಡು ಅಡಿ ಉದ್ದದ ಒಂದು ಚೌಕಟ್ಟು, ಮುಂದೊಂದು ಹಿಂದೊಂದು ಗಾಲಿ. ಹಿಮದ ಮೇಲೆ ಹಾಕುವ ಬೂಟನ್ನೇ ಇದಕ್ಕೂ ಸಿಕ್ಕಿಸುತ್ತಾರೆ. ಕಾಲನ್ನು ಪಕ್ಕಕ್ಕೆ ನೂಕುವ ಸ್ಕೇಟ್ ಶೈಲಿಗೆ ದೊಡ್ಡ ತೆಳು ಗಾಲಿ. ಕಾಲನ್ನು ನೇರ ಹಿಂದೆ ಮುಂದೆ ಆಡಿಸುವ ಕ್ಲಾಸಿಕ್ ಶೈಲಿಗೆ ಅಗಲದ ಗಾಲಿ, ಅದರಲ್ಲೊಂದು ಹಿಂದಕ್ಕೆ ತಿರುಗುವುದಿಲ್ಲ, ಕಾಲು ಊರಿ ಒದೆಯಲು. ಬ್ರೇಕ್ ಇಲ್ಲ. ಇಳಿಜಾರು ಬಂದರೆ ಕಾಲು ಅಗಲಿಸಿ ನಿಧಾನ ಮಾಡಬೇಕು, ಇಲ್ಲಾಂದ್ರೆ ಹುಲ್ಲಿಗೆ ಹಾರಬೇಕು. ಪೋಲ್‌ನ ತುದಿಗೆ ಕಾರ್ಬೈಡ್ ಮೊನೆ ಇರುತ್ತದೆ. ಅದು ಮೊಂಡಾದರೆ ಟಾರಿನ ಮೇಲೆ ಜಾರುತ್ತದೆ, ಭುಜಕ್ಕೆ ಏಟು. ಸಂಜೆ, ಸ್ಕೀಗೆ ಮೇಣ ಹಚ್ಚುವ ವ್ಯಾಕ್ಸ್ ಕೋಣೆಯಲ್ಲಿ ಹುಡುಗರು ಸಾಲಾಗಿ ಕೂತು ಡೈಮಂಡ್ ಕಲ್ಲಿಗೆ ಮೊನೆ ತೀಡುವ ಸದ್ದು ನನಗೆ ಈಗಲೂ ಕಿವಿಯಲ್ಲಿದೆ. ನಮ್ಮೂರಲ್ಲಿ ಅಡಿಕೆ ಕೊಯ್ಲಿಗೆ ಮುಂಚೆ ಕತ್ತಿ ಮಸೆಯುವ ಸದ್ದಿನ ಹಾಗೆ.

ವಾರದ ಅಭ್ಯಾಸ ಹೀಗಿತ್ತು. ಸೋಮವಾರ ರಜೆ. ಮಂಗಳವಾರ ಬೌಂಡಿಂಗ್, ಅಂದರೆ ಪೋಲ್ ಹಿಡಿದು ಕಡಿದಾದ ಹುಲ್ಲಿನ ಏರನ್ನು ಜಿಗಿಜಿಗಿಯುತ್ತಾ ಹತ್ತುವುದು. ಬುಧವಾರ ಜಿಮ್ ಮತ್ತು ಹಗುರ ಓಟ. ಗುರುವಾರ ಡಬಲ್ ಪೋಲ್, ಕಾಲು ಸುಮ್ನೆ ಇಟ್ಟು ಬರೀ ಕೈಯಲ್ಲಿ ನೂಕಿಕೊಂಡು ಹೋಗುವುದು. ಶುಕ್ರವಾರ ಒಂದು ಗಂಟೆ ನಿಧಾನ ಓಟ. ಶನಿವಾರ ಲೆವೆಲ್ 3. ಭಾನುವಾರ ಓ.ಡಿ.

ಲೆವೆಲ್ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಡೀ ಪ್ರಕರಣ ನಿಂತಿರುವುದೇ ಅದರ ಮೇಲೆ. ಲೆವೆಲ್ 1 ಅಂದರೆ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುತ್ತಾ ಹೋಗಬಹುದಾದ ವೇಗ. ರಕ್ತದಲ್ಲಿ ಲ್ಯಾಕ್ಟೇಟ್ ಲೀಟರಿಗೆ 2 ಮಿಲಿಮೋಲ್‌ಗಿಂತ ಕೆಳಗೆ. ಲೆವೆಲ್ 3 ಅಂದರೆ ಮೂರು ನಾಲ್ಕು ಪದಕ್ಕಿಂತ ಜಾಸ್ತಿ ಹೇಳಲಾಗದ ವೇಗ, ಲ್ಯಾಕ್ಟೇಟ್ 3ರಿಂದ 4ರ ಆಸುಪಾಸು. ಅದಕ್ಕೂ ಮೇಲಿನದು ರೇಸಿನ ವೇಗ. ಓ.ಡಿ. ಅಂದರೆ ಎರಡೂವರೆ ಮೂರು ಗಂಟೆಯ ದೂರದ ಅಭ್ಯಾಸ, ಪೂರ್ತಿ ಲೆವೆಲ್ 1. ನಾರ್ವೆಯಲ್ಲಿ ನೆಲೆಸಿರುವ ಅಮೆರಿಕದ ಕ್ರೀಡಾವಿಜ್ಞಾನಿ ಸ್ಟೀಫನ್ ಸೈಲರ್ ಒಳ್ಳೊಳ್ಳೆಯ ಸ್ಕೀ ಪಟುಗಳು, ದೋಣಿ ಹುಟ್ಟುಹಾಕುವವರು, ಸೈಕಲ್ ತುಳಿಯುವವರು ಎಲ್ಲರ ಅಭ್ಯಾಸ ಲೆಕ್ಕ ಹಾಕಿ ನೋಡಿದರು. ಹತ್ತು ಅಭ್ಯಾಸದಲ್ಲಿ ಸುಮಾರು ಎಂಟು ನಿಧಾನದ್ದೇ ಇದ್ದವು. ಮಿಕ್ಕ ಎರಡು ಮಾತ್ರ ಜೋರು. ಜೋರಿನ ದಿನ ನಿಜವಾಗಿ ಜೋರು ಮಾಡಬೇಕಾದರೆ ನಿಧಾನದ ದಿನ ನಿಜವಾಗಿ ನಿಧಾನ ಇರಬೇಕು.

ಇದು ಗೋಡೆಗೆ ಅಂಟಿಸಿದ ಹಾಳೆಯಲ್ಲಿತ್ತು. ಎಲ್ಲರಿಗೂ ಬಾಯಿಪಾಠ. ಆದರೆ ರಸ್ತೆಗಿಳಿದರೆ?

ಭಾನುವಾರದ ಬಾಲ

ನಾನು ವ್ಯಾನಿನಲ್ಲಿ ಹಿಂದೆ ಬರುತ್ತಿದ್ದೆ. ಕಿತ್ತಳೆ ದೀಪ ಹಾಕಿಕೊಂಡು, ಹಿಂದಿನ ಕಾರುಗಳಿಗೆ ಎಚ್ಚರಿಕೆ ಕೊಡುತ್ತಾ. ಹಾಗಾಗಿ ಗುಂಪಿನ ಬಾಲ ಹೇಗಿರುತ್ತದೆ ಅನ್ನುವುದು ನನಗೆ ಗೊತ್ತಿದ್ದಷ್ಟು ಕೋಚ್‌ಗೂ ಗೊತ್ತಿರಲಿಲ್ಲ.

ಮುಂದೆ ಇಬ್ಬರು ಸೀನಿಯರ್ ಹುಡುಗರು ಹರಟುತ್ತಾ ಹೋಗುತ್ತಾರೆ. ಅವರಿಗದು ಲೆವೆಲ್ 1. ಅವರ ಹಿಂದಿನವರಿಗೆ ಒಂದೂವರೆ. ಬಾಲದಲ್ಲಿ ಇರುವವರಿಗೆ ಅದೇ ವೇಗ ಲೆವೆಲ್ 3. ಒಂದು ಏರು ಬಂದ ತಕ್ಷಣ ಗುಂಪು ಜಗ್ಗುತ್ತದೆ, ಬಾಲ ಕಿತ್ತುಹೋಗುತ್ತದೆ. ಹಿಂದುಳಿದವರು ಇಳಿಜಾರಿನಲ್ಲಿ ಜೀವ ಬಿಟ್ಟು ನೂಕಿ ಮತ್ತೆ ಸೇರಿಕೊಳ್ಳುತ್ತಾರೆ. ಮುಂದಿನವರು ನೀರು ಕುಡಿಯಲು ನಿಲ್ಲುತ್ತಾರೆ, ಹಿಂದಿನವರು ಬಂದು ಮುಟ್ಟುವಷ್ಟರಲ್ಲಿ ಅವರ ನೀರು ಮುಗಿದಿರುತ್ತದೆ, ‘ಹೊರಡೋಣವಾ?’ ಅನ್ನುತ್ತಾರೆ. ಯಾರಿಗೆ ವಿರಾಮ ಬೇಕಿತ್ತೋ ಅವರಿಗೇ ಸಿಗಲಿಲ್ಲ. ಇದನ್ನು ಯಾರೂ ಕೆಟ್ಟ ಮನಸ್ಸಿನಿಂದ ಮಾಡುವುದಲ್ಲ. ಮುಂದಿನವರಿಗೆ ಹಿಂದಿನದು ಕಾಣುವುದೇ ಇಲ್ಲ.

ಹೊಸ ಹುಡುಗಿ ಬಾಲದಲ್ಲಿ ಇರಲೊಲ್ಲಳು. ಪ್ರೌಢಶಾಲೆಯಲ್ಲಿ ತನ್ನ ಊರಿಗೇ ಮೊದಲಿಗಳಾಗಿದ್ದವಳು. ಇಲ್ಲಿ ಇಪ್ಪತ್ತೆರಡು ಮಂದಿಯಲ್ಲಿ ಒಬ್ಬಳು. ಕಾರ್ನಿವಲ್ಲಿಗೆ ಯಾರು ಹೋಗುತ್ತಾರೆ ಅನ್ನುವ ಮಾತು ಸೆಪ್ಟೆಂಬರ್‌ನಿಂದಲೇ ಊಟದ ಮೇಜಿನ ಮೇಲೆ ಓಡಾಡುತ್ತಿರುತ್ತದೆ. ಅವಳು ಪ್ರತಿ ಭಾನುವಾರ ಮುಂದಿನ ಐದಾರು ಜನರ ಜೊತೆಯೇ ಹೋಗುತ್ತಿದ್ದಳು. ಹುಡುಗರು ಹರಟುತ್ತಿದ್ದರು, ಅವಳು ಮಾತಾಡುತ್ತಿರಲಿಲ್ಲ. ನಾನು ಅದನ್ನು ನಾಚಿಕೆ ಅಂದುಕೊಂಡೆ. ಉಸಿರು ಸಾಲದೆ ಮಾತು ಬರುತ್ತಿಲ್ಲ ಅಂತ ಹೊಳೆಯಲಿಲ್ಲ.

ಅವಳ ಹಿಂದಿನ ವರ್ಷದ ಡೈರಿಯನ್ನು ಆಮೇಲೆ ನೋಡಿದೆವು. ವರ್ಷಕ್ಕೆ 350 ಗಂಟೆಯ ಅಭ್ಯಾಸ. ನಮ್ಮಲ್ಲಿ ಅವಳು ಹೋಗುತ್ತಿದ್ದ ರೀತಿ ನೋಡಿದರೆ 550ಕ್ಕೆ ಮುಟ್ಟುತ್ತಿತ್ತು. ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಏರಿಕೆ. ಅದರ ಮೇಲೆ ಹೊಸ ಹಾಸ್ಟೆಲ್, ಹೊಸ ಪಾಠ, ರಾತ್ರಿ ಹನ್ನೆರಡಕ್ಕೆ ಮಲಗುವ ರೂಮ್‌ಮೇಟ್.

ಅಕ್ಟೋಬರ್ ಶುರುವಿನಲ್ಲಿ ಶಾಂಪ್ಲೇನ್ ಸರೋವರ ದಾಟಿ ನ್ಯೂಯಾರ್ಕ್ ರಾಜ್ಯದ ವೈಟ್‌ಫೇಸ್ ಬೆಟ್ಟಕ್ಕೆ ಹೋದೆವು. ಅಲ್ಲಿ ‘ಕ್ಲೈಂಬ್ ಟು ದ ಕ್ಯಾಸಲ್’ ಎಂಬ ರೋಲರ್ ಸ್ಕೀ ರೇಸು ನಡೆಯುತ್ತದೆ. ಟೋಲ್ ಗೇಟಿನಿಂದ ಬೆಟ್ಟದ ತುದಿಯ ಹತ್ತಿರದ ಕಲ್ಲಿನ ಕೋಟೆಮನೆಯವರೆಗೆ 8 ಕಿಲೋಮೀಟರ್. ಎಲ್ಲೂ ಸಮತಟ್ಟು ಇಲ್ಲ, ಸರಾಸರಿ ನೂರಕ್ಕೆ 8ರ ಏರು. ಒಟ್ಟು 700 ಮೀಟರಿನ ಆಸುಪಾಸು ಹತ್ತಬೇಕು. ಆ ರಸ್ತೆಯನ್ನು 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಉದ್ಘಾಟಿಸಿದ್ದರು. ಮೇಲೆ ಹೋದಂತೆ ಮರಗಳು ಗಿಡ್ಡ ಆಗುತ್ತವೆ, ಗಾಳಿ ಬೀಸುತ್ತದೆ, ಪೋಲ್ ಟಾರಿಗೆ ಬಡಿಯುವ ಟಕ್ ಟಕ್ ಸದ್ದು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ. ಕೆಳಗೆ ಇಡೀ ಅಡಿರಾಂಡ್ಯಾಕ್ ಕಾಡು ಕೆಂಪು, ಹಳದಿ. ನೋಡುವವರಿಗೆ ಹಬ್ಬ, ಹತ್ತುವವರಿಗೆ ಕಾಣುವುದು ಮುಂದಿನವರ ಹಿಮ್ಮಡಿ ಮಾತ್ರ.

ಹೊಸ ಹುಡುಗಿ ನಮ್ಮ ಹುಡುಗಿಯರಲ್ಲಿ ನಾಲ್ಕನೆಯವಳಾಗಿ ಮುಟ್ಟಿದಳು. ಎಲ್ಲರೂ ಅವಳನ್ನು ಅಪ್ಪಿಕೊಂಡರು. ಮಾರನೇ ದಿನ ಓ.ಡಿ. ಇತ್ತು. ಅಂದು ಅವಳು ಮೊದಲ ಬಾರಿಗೆ ಗುಂಪಿನ ಎಲ್ಲರಿಗಿಂತ ಮುಂದೆ ಹೋದಳು. ನನಗೆ ಹೆಮ್ಮೆ ಆಯಿತು. ಸುಳ್ಳು ಹೇಳುವುದಿಲ್ಲ, ನಿಜವಾಗಿಯೂ ಹೆಮ್ಮೆ ಆಯಿತು.

1.9ರ ಅರ್ಥ

ಈಗ ಆ ಶನಿವಾರಕ್ಕೆ ಬರೋಣ. ಆರು ನಿಮಿಷದ ಐದು ಸುತ್ತು, ಲೆವೆಲ್ 3. ಸೆಪ್ಟೆಂಬರ್‌ನಲ್ಲಿ ಇದೇ ಅಭ್ಯಾಸದಲ್ಲಿ ಅವಳ ಲ್ಯಾಕ್ಟೇಟ್ 3.6 ಇತ್ತು. ಈಗ 1.9. ಒಂದೇ ವೇಗಕ್ಕೆ ಲ್ಯಾಕ್ಟೇಟ್ ಇಳಿದರೆ ಮೈ ಪಳಗಿದೆ ಅಂತ ಅರ್ಥ. ಹೃದಯಬಡಿತವೂ ಆಗಿನದಕ್ಕಿಂತ ಹನ್ನೆರಡು ಕಡಿಮೆ. ಅದೂ ಒಳ್ಳೆಯದೇ ಅಲ್ವಾ?

ಅಲ್ಲ. ಮೂರು ಅಂಕಿಯನ್ನು ಒಟ್ಟಿಗೆ ಓದಬೇಕಿತ್ತು. ಲ್ಯಾಕ್ಟೇಟ್ ಕಡಿಮೆ, ಬಡಿತ ಕಡಿಮೆ, ಕಷ್ಟವೂ ಕಡಿಮೆ ಅಂದರೆ ಪಳಗಿದ ಮೈ. ಲ್ಯಾಕ್ಟೇಟ್ ಕಡಿಮೆ, ಬಡಿತ ಕಡಿಮೆ, ಆದರೆ ಕಷ್ಟ ಹತ್ತಕ್ಕೆ ಒಂಬತ್ತು ಅಂದರೆ ಅದು ಬರಿದಾದ ಮೈ. ಲ್ಯಾಕ್ಟೇಟ್ ಹುಟ್ಟುವುದು ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಿಂದ, ಅಂದರೆ ಗ್ಲೈಕೋಜನ್‌ನಿಂದ. ಕಣಜವೇ ಖಾಲಿಯಾದರೆ ಲ್ಯಾಕ್ಟೇಟ್ ಎಲ್ಲಿಂದ ಬರಬೇಕು? ಹಾಗೇ, ದಣಿವು ಬಹಳ ದಿನ ಕೂಡಿಬಂದಾಗ ಹೃದಯ ಕೂಡ ಮೇಲಕ್ಕೆ ಏರಲು ಒಪ್ಪುವುದಿಲ್ಲ. ಇದು ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಸಂಗತಿ, ನನಗೂ ಗೊತ್ತಿತ್ತು. ಆದರೂ ಮೀಟರಿನ ಅಂಕಿ ಬರೆದುಕೊಂಡೆ, ಅವಳ ಬಾಯಿಂದ ಬಂದ ಅಂಕಿಯನ್ನು ಬಿಟ್ಟೆ. ಆ ದಿನ ಅವಳ ವೇಗವೂ ಸೆಪ್ಟೆಂಬರಿಗಿಂತ ಸ್ವಲ್ಪ ಇಳಿದಿತ್ತು. ಎದುರುಗಾಳಿ ಅಂತ ಸಮಾಧಾನ ಮಾಡಿಕೊಂಡೆ.

ಮುಂದಿನ ಎರಡು ವಾರ ಬೇಗ ಬೇಗ ಆಯಿತು. ನೆಗಡಿ ಹಿಡಿಯಿತು, ಬಿಡಲಿಲ್ಲ. ಕೆಮಿಸ್ಟ್ರಿ ಪರೀಕ್ಷೆ ಕೆಟ್ಟಿತು. ಮಂಗಳವಾರದ ಬೌಂಡಿಂಗ್‌ನಲ್ಲಿ ಅರ್ಧಕ್ಕೆ ಹುಲ್ಲಿನ ಮೇಲೆ ಕೂತುಬಿಟ್ಟಳು. ‘ಸ್ವಲ್ಪ ನಿದ್ದೆ ಕಮ್ಮಿ, ಅಷ್ಟೇ’ ಅಂದಳು. ಕೋಚ್ ಒಂದು ದಿನ ರಜೆ ಕೊಟ್ಟರು. ಆ ರಜೆಯ ದಿನ ಅವಳು ಒಬ್ಬಳೇ ಕಾಲೇಜಿನ ಹಿಂದಿನ ಕಾಡುದಾರಿಯಲ್ಲಿ ಒಂದೂವರೆ ಗಂಟೆ ಓಡಿದ್ದಳು ಅಂತ ಆಮೇಲೆ ತಿಳಿಯಿತು.

ನಿಜವಾದ ಸಂಗತಿ ಕಂಡುಹಿಡಿದದ್ದು ನಾನಲ್ಲ, ಕೋಚ್ ಅಲ್ಲ. ಹುಡುಗಿಯರ ಕ್ಯಾಪ್ಟನ್. ನಾಲ್ಕನೇ ವರ್ಷದವಳು, ವೇಗದಲ್ಲಿ ತಂಡದ ನಡುವಿನವಳು, ತಾನೆಂದೂ ರಾಷ್ಟ್ರಮಟ್ಟಕ್ಕೆ ಹೋಗುವುದಿಲ್ಲ ಅಂತ ಗೊತ್ತಿದ್ದವಳು. ಅವಳು ಗಮನಿಸಿದ್ದು ರೋಲರ್ ಸ್ಕೀಯನ್ನಲ್ಲ, ಊಟದ ಮೇಜನ್ನು. ‘ಗುರುವಾರ ಅವಳು ಊಟಕ್ಕೆ ಬರೋದೇ ಇಲ್ಲ, ಯಾರಾದ್ರೂ ನೋಡಿದ್ದೀರಾ?’ ಎಂದು ಕೇಳಿದಳು. ಯಾರೂ ನೋಡಿರಲಿಲ್ಲ.

ಲೆಕ್ಕ ಇಷ್ಟೇ ಸರಳ. ಗುರುವಾರ ಅಭ್ಯಾಸ ಮುಗಿಯುವುದು ಸಂಜೆ ಆರಕ್ಕೆ. ಅವಳಿಗೆ ಆರೂವರೆಯಿಂದ ಲ್ಯಾಬ್. ಲ್ಯಾಬ್ ಮುಗಿಯುವ ಹೊತ್ತಿಗೆ ಕಾಲೇಜಿನ ಊಟದ ಮನೆ ಬಾಗಿಲು ಹಾಕಿರುತ್ತದೆ. ಒಂದು ಬಾಳೆಹಣ್ಣು, ಒಂದು ಗ್ರಾನೋಲಾ ಬಾರ್, ಅದೇ ರಾತ್ರಿಯೂಟ. ಮಂಗಳವಾರವೂ ಹೆಚ್ಚುಕಡಿಮೆ ಹಾಗೇ. ಭಾನುವಾರ ಬೆಳಿಗ್ಗೆ ಊಟದ ಮನೆ ತೆರೆಯುವುದು ತಡ, ನಮ್ಮ ವ್ಯಾನ್ ಹೊರಡುವುದು ಬೇಗ. ಮೂರು ಗಂಟೆಯ ಓ.ಡಿ.ಗೆ ಅವಳು ಹೋಗುತ್ತಿದ್ದುದು ಒಂದು ಕಪ್ ಓಟ್ಸ್ ಮೇಲೆ. ಆ ವೇಳಾಪಟ್ಟಿ ಮಾಡಿದವರಲ್ಲಿ ನಾನೂ ಒಬ್ಬ.

ಈ ಸ್ಥಿತಿಗೆ ಒಂದು ಹೆಸರಿದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದನ್ನು ‘ರೆಡ್-ಎಸ್’ ಎಂದು ಕರೆಯಿತು. ಅಭ್ಯಾಸಕ್ಕೆ ಖರ್ಚಾದ ಮೇಲೆ ಮೈ ನಡೆಸಲು ಉಳಿಯುವ ಶಕ್ತಿ ಸಾಲದಿರುವುದು. ಅವಳದೇ ಲೆಕ್ಕ ತೆಗೆದುಕೊಳ್ಳಿ. ತೂಕ 58 ಕೆಜಿ, ಅದರಲ್ಲಿ ಕೊಬ್ಬು ಬಿಟ್ಟು ಸುಮಾರು 46 ಕೆಜಿ. ಕೊಬ್ಬಿಲ್ಲದ ಮೈಯ ಪ್ರತಿ ಕೆಜಿಗೆ ದಿನಕ್ಕೆ 45 ಕ್ಯಾಲೊರಿ ಉಳಿದರೆ ಸರಿ, 30ಕ್ಕಿಂತ ಕೆಳಗಿಳಿದರೆ ಅಪಾಯದ ಕಡೆ ಅನ್ನುವುದು ಸಾಮಾನ್ಯ ಅಳತೆ. ಭಾನುವಾರ ಅವಳು ತಿಂದದ್ದು ಸುಮಾರು 2,400 ಕ್ಯಾಲೊರಿ. ಓ.ಡಿ.ಗೆ ಸುಟ್ಟದ್ದು 1,500. ಉಳಿದದ್ದು 900. ಭಾಗಿಸಿದರೆ ಕೆಜಿಗೆ 20 ಕೂಡ ಮುಟ್ಟುವುದಿಲ್ಲ. 2,400 ಅನ್ನುವುದು ಕೇಳಲು ಕಡಿಮೆ ಊಟ ಅಲ್ಲ. ಮನೆಯಲ್ಲಿ ಕೂತು ಓದುವ ಹುಡುಗಿಗೆ ಧಾರಾಳ. ಅದಕ್ಕೇ ಅವಳಿಗೂ ಗೊತ್ತಾಗಲಿಲ್ಲ, ನಮಗೂ ಗೊತ್ತಾಗಲಿಲ್ಲ.

ಶಕ್ತಿ ಸಾಲದಿದ್ದಾಗ ಮೈ ತುರ್ತಲ್ಲದ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸುತ್ತದೆ. ಹುಡುಗಿಯರಲ್ಲಿ ಹಾಗೆ ನಿಲ್ಲುವುದರಲ್ಲಿ ಮುಟ್ಟೂ ಒಂದು. ಅವಳಿಗೆ ಎರಡು ತಿಂಗಳಿಂದ ಆಗಿರಲಿಲ್ಲ. ‘ಅಭ್ಯಾಸ ಜಾಸ್ತಿ ಮಾಡೋರಿಗೆ ಹಾಗಾಗೋದು ಸಹಜ ಅಂತ ಕೇಳಿದ್ದೆ’ ಎಂದು ಕ್ಯಾಪ್ಟನ್‌ಗೆ ಹೇಳಿದಳಂತೆ. ಈ ಮಾತು ನಾನು ಎಷ್ಟೋ ಆಟಗಾರ್ತಿಯರ ಬಾಯಲ್ಲಿ ಕೇಳಿದ್ದೇನೆ, ಇಲ್ಲೂ, ನಮ್ಮ ಕಡೆಯ ಅಥ್ಲೀಟ್ ಹುಡುಗಿಯರಲ್ಲೂ. ಸಹಜ ಅಲ್ಲ. ಅದು ಮೈ ಬಾರಿಸುವ ಗಂಟೆ. ಹಾಗೇ ಬಿಟ್ಟರೆ ಮೂಳೆ ಸವೆಯುತ್ತದೆ, ಸಣ್ಣ ಸಣ್ಣ ಬಿರುಕು ಬೀಳುತ್ತದೆ.

ಕ್ಯಾಪ್ಟನ್ ಅವಳನ್ನು ಕರೆದುಕೊಂಡು, ಆಟಗಾರರ ಗಾಯ, ನೋವು ನೋಡಿಕೊಳ್ಳುವ ಅಥ್ಲೆಟಿಕ್ ಟ್ರೈನರ್ ಹತ್ತಿರ ಹೋದಳು, ಅಲ್ಲಿಂದ ವೈದ್ಯರ ಹತ್ತಿರ. ರಕ್ತ ಪರೀಕ್ಷೆಯಲ್ಲಿ ಫೆರಿಟಿನ್ 13 ಬಂತು. ಮೈಯ ಕಬ್ಬಿಣದ ದಾಸ್ತಾನು ತೋರಿಸುವ ಅಂಕಿ ಅದು. ದಮ್ಮಿನ ಆಟ ಆಡುವವರಲ್ಲಿ 30ಕ್ಕಿಂತ ಕೆಳಗಿದ್ದರೆ ವೈದ್ಯರು ಹುಬ್ಬು ಗಂಟಿಕ್ಕುತ್ತಾರೆ. ಹಿಮೋಗ್ಲೋಬಿನ್ ಮಾತ್ರ ಸರಿಯಾಗಿತ್ತು, ಬರೀ ಅದನ್ನು ನೋಡಿದ್ದರೆ ತಪ್ಪಿಸಿಕೊಂಡು ಹೋಗುತ್ತಿತ್ತು.

ಅವಳಿಗಿದ್ದದ್ದು ಊಟದ ಕಾಯಿಲೆ (ಊಟ, ತೂಕದ ಬಗ್ಗೆ ಮನಸ್ಸು ಕೆಡುವ ಈಟಿಂಗ್ ಡಿಸಾರ್ಡರ್) ಅಲ್ಲ ಎಂದು ವೈದ್ಯರು ಕೇಳಿ ಖಚಿತ ಮಾಡಿಕೊಂಡರು. ಕೇಳಲೇಬೇಕು, ಈ ಆಟದಲ್ಲಿ ಆ ಕಾಯಿಲೆ ಇದೆ. 2018ರ ಒಲಿಂಪಿಕ್ಸ್‌ನಲ್ಲಿ ಕಿಕನ್ ರಾಂಡಲ್ ಜೊತೆ ಅಮೆರಿಕಕ್ಕೆ ಕ್ರಾಸ್ ಕಂಟ್ರಿಯ ಮೊದಲ ಚಿನ್ನ ತಂದ ಜೆಸ್ಸಿ ಡಿಗಿನ್ಸ್, ಹದಿಹರೆಯದ ಕೊನೆಯಲ್ಲಿ ತಾನು ಅದರಿಂದ ನರಳಿದ್ದನ್ನು ತಾನೇ ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಅಂಥವರು ಬಾಯಿಬಿಟ್ಟ ಮೇಲೆಯೇ ತಂಡಗಳಲ್ಲಿ ಈ ಮಾತಿಗೆ ಜಾಗ ಸಿಕ್ಕಿದ್ದು.

ತಂಡ ಮಾಡಿದ್ದು

ವೈದ್ಯರು ಹೇಳಿದ್ದು: ಎರಡು ವಾರ ಪೂರ್ತಿ ವಿಶ್ರಾಂತಿ, ಆಮೇಲೆ ನಡಿಗೆ, ಊಟ ಹೆಚ್ಚು, ಕಬ್ಬಿಣದ ಮಾತ್ರೆ. ಮಾತ್ರೆಯನ್ನು ಬೆಳಿಗ್ಗೆ, ಕಾಫಿ ಚಹಾ ಜೊತೆ ಬೇಡ, ಕಿತ್ತಳೆ ರಸದ ಜೊತೆ ತೆಗೆದುಕೋ ಎಂದರು. ಜೋರಾಗಿ ದುಡಿದ ಮೇಲೆ ಮೂರರಿಂದ ಆರು ಗಂಟೆ ಕರುಳು ಕಬ್ಬಿಣವನ್ನು ಸರಿಯಾಗಿ ಹೀರುವುದಿಲ್ಲ, ಹಾಗಾಗಿ ಸಂಜೆ ಅಭ್ಯಾಸದ ಬೆನ್ನಿಗೇ ಬೇಡ. ಇಷ್ಟು ಅವಳ ಪಾಲಿನ ಕೆಲಸ.

ಆದರೆ ಕ್ಯಾಪ್ಟನ್ ಒಂದು ಮಾತು ಹೇಳಿದಳು. ‘ಅವಳೊಬ್ಬಳನ್ನೇ ಸರಿಮಾಡಿ ಮತ್ತೆ ಇದೇ ಭಾನುವಾರಕ್ಕೆ ಬಿಟ್ಟರೆ ಏನು ಬಂತು?’ ಅಂದು ಸಂಜೆ ವ್ಯಾಕ್ಸ್ ಕೋಣೆಯಲ್ಲಿ ಎಲ್ಲರೂ ಸೇರಿದರು. ಕೋಚ್ ಹಿಂದೆ ಗೋಡೆಗೆ ಒರಗಿ ನಿಂತರು, ಮಾತಾಡಲಿಲ್ಲ. ಹುಡುಗಿಯ ವಿಷಯ ಅವಳೇ ಹೇಳಲು ಒಪ್ಪಿದ್ದಳು, ಎರಡು ನಿಮಿಷದಲ್ಲಿ ಹೇಳಿದಳು. ನಾನು ನೋಟ್‌ಬುಕ್ ತೆರೆದು ಆ 1.9 ಇದ್ದ ಪುಟವನ್ನು ಎಲ್ಲರಿಗೂ ತೋರಿಸಿದೆ. ಕೈ ಸ್ವಲ್ಪ ನಡುಗುತ್ತಿತ್ತು.

ಆಮೇಲೆ ಒಬ್ಬ ಹುಡುಗ ಎದ್ದು, ‘ನಾನೂ ಭಾನುವಾರ ಮುಗಿಸಿ ಸೋಮವಾರ ಮೆಟ್ಟಿಲು ಹತ್ತೋಕಾಗಲ್ಲ’ ಎಂದ. ಇನ್ನೊಬ್ಬಳು ತಾನು ಕೂಡ ಅಂದಳು. ಮುಂದಿನ ಸಾಲಿನಲ್ಲಿ ಹರಟುತ್ತಾ ಹೋಗುತ್ತಿದ್ದ ಇಬ್ಬರಲ್ಲಿ ಒಬ್ಬ ನಿಜವಾಗಿ ದಂಗಾಗಿ, ‘ನಮಗೆ ಯಾರೂ ಹೇಳಲೇ ಇಲ್ಲವಲ್ಲ’ ಎಂದ. ಅದೂ ನಿಜವೇ.

ಅಂದು ಅವರೇ ಮಾಡಿಕೊಂಡ ಬದಲಾವಣೆ ಸಣ್ಣದು. ಭಾನುವಾರ ಮುಂದೆ ಹೋಗುವವರು ಮೊದಲ ವರ್ಷದವರು. ಯಾರೂ ಅವರನ್ನು ದಾಟಬಾರದು. ಮುಂದಿರುವವರು ಪೂರ್ತಿ ವಾಕ್ಯದಲ್ಲಿ ಮಾತಾಡುತ್ತಿರಬೇಕು, ಮಾತು ನಿಂತರೆ ವೇಗ ಇಳಿಸಬೇಕು. ನಿಂತಾಗ ಕೊನೆಯವರು ಬಂದು ನೀರು ಕುಡಿದು ಬಾಟಲ್ ಮುಚ್ಚಿದ ಮೇಲೆಯೇ ಹೊರಡುವುದು. ಜೋರಾಗಿ ಹೋಗಲೇಬೇಕೆನಿಸಿದವರಿಗೆ ಶನಿವಾರ ಇದೆ. ವ್ಯಾನಿನಲ್ಲಿ ಒಂದು ಡಬ್ಬಿ ತುಂಬ ಬ್ರೆಡ್ಡು, ಕಡಲೆಕಾಯಿ ಬೆಣ್ಣೆ, ಜೇನು. ಅದು ಖಾಲಿಯಾಗಿ ವಾಪಸ್ ಬರಬೇಕು. ವೇಳಾಪಟ್ಟಿಯಲ್ಲಿ ಭಾನುವಾರ ವ್ಯಾನ್ ಹೊರಡುವುದನ್ನು ಒಂದು ಗಂಟೆ ತಡ ಮಾಡಿದೆವು, ಊಟದ ಮನೆ ತೆರೆದ ಮೇಲೆ.

ಗುರುವಾರದ ರಾತ್ರಿಗೆ ಸೀನಿಯರ್‌ಗಳು ಬಾಡಿಗೆಗಿದ್ದ ಮನೆಯಲ್ಲಿ ಒಂದು ದೊಡ್ಡ ಪಾತ್ರೆ. ಲ್ಯಾಬ್ ಇರುವವರು ಯಾವ ಹೊತ್ತಿಗೆ ಬಂದರೂ ಬಿಸಿ ಮಾಡಿ ತಿನ್ನಬಹುದು. ಸರದಿಯ ಪ್ರಕಾರ ಅಡುಗೆ. ನನ್ನ ಸರದಿಯಲ್ಲಿ ಬಿಸಿಬೇಳೆಬಾತ್ ಮಾಡಿದೆ, ಇಪ್ಪತ್ತೆರಡು ಮಂದಿಗೆ. ತೊಗರಿಬೇಳೆ ಬೇಯಲು ಅವರ ಮನೆಯಲ್ಲಿ ಕುಕ್ಕರ್ ಇರಲಿಲ್ಲ, ಎರಡು ಗಂಟೆ ಕುದಿಸಿದೆ. ಒಂಬತ್ತೂವರೆಗೆ ಹೊಸ ಹುಡುಗಿ ಲ್ಯಾಬಿನಿಂದ ಬಂದಳು. ತಟ್ಟೆ ಹಿಡಿದು ಒಲೆಯ ಪಕ್ಕ ನಿಂತೇ ತಿಂದಳು. ಇನ್ನೊಂದು ಸಲ ಹಾಕಿಸಿಕೊಂಡಳು. ಮೂರನೇ ಸಲ ನಾನೇ ಹಾಕಿದೆ, ಬೇಡ ಅನ್ನಲಿಲ್ಲ.

ಓಡದ ದಿನಗಳಲ್ಲಿ ಅವಳು ತಂಡದಿಂದ ದೂರ ಆಗಬಾರದು ಅನ್ನುವುದು ನಮಗಿದ್ದ ದೊಡ್ಡ ಚಿಂತೆ. ಅಭ್ಯಾಸ ನಿಂತರೆ ಗೆಳೆತನವೂ ನಿಲ್ಲುವ ಹಾಗಿರುತ್ತದೆ ಇಂಥ ತಂಡಗಳಲ್ಲಿ, ದಿನದ ಮೂರು ಗಂಟೆ ಒಟ್ಟಿಗೆ ಕಳೆಯುವವರು ಅವರು. ಅದಕ್ಕೆ ಶರತ್ಕಾಲದ ಬೇರೆ ಕೆಲಸಗಳು ನೆರವಾದವು. ನವೆಂಬರ್‌ನಲ್ಲಿ ಎಲೆಯೆಲ್ಲ ಉದುರಿ ಕಡ್ಡಿ ಮಾತ್ರ ಉಳಿಯುವ ದಿನಗಳನ್ನು ವರ್ಮಾಂಟಿನವರು ‘ಸ್ಟಿಕ್ ಸೀಸನ್’ ಅನ್ನುತ್ತಾರೆ. ಆಗ ಸ್ಕೀ ದಾರಿಗಳಲ್ಲಿ ಬಿದ್ದ ಮರ ಎಳೆದು ಹಾಕಬೇಕು, ಮೋರಿಯ ಎಲೆ ತೆಗೆಯಬೇಕು. ಜಿಂಕೆ ಬೇಟೆಯ ಕಾಲ ಬೇರೆ, ಎಲ್ಲರಿಗೂ ಕಣ್ಣು ಕುಕ್ಕುವ ಕಿತ್ತಳೆ ಜಾಕೆಟ್ಟು. ತಂಡದ ಖರ್ಚಿಗೆ ಹಣ ಕೂಡಿಸಲು ಊರಿನ ವಯಸ್ಸಾದವರ ಮನೆಗಳಲ್ಲಿ ಸೌದೆ ಒಟ್ಟಿ ಕೊಡುವ ಕೆಲಸವೂ ಇತ್ತು. ಅವಳು ಸಾಲಿನ ಕೊನೆಯಲ್ಲಿ ನಿಂತು, ಕೈಯಿಂದ ಕೈಗೆ ಬಂದ ಸೌದೆಯನ್ನು ಒಟ್ಟುತ್ತಿದ್ದಳು. ಅಡ್ಡ ಒಂದು ಸಾಲು, ಉದ್ದ ಒಂದು ಸಾಲು, ಗಾಳಿ ಆಡಲು ಸಂದು ಬಿಟ್ಟು. ಒಳ್ಳೆ ಒಟ್ಟಿಲು. ಅದರ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ.

ಮುಂದೆ ಏನಾಯಿತು

ನವೆಂಬರ್ ಕೊನೆಯಲ್ಲಿ ಉತ್ತರದ ಕ್ರಾಫ್ಟ್ಸ್‌ಬರಿಗೆ ಹೋದೆವು. ಅಲ್ಲಿ ಹಿಂದಿನ ಚಳಿಗಾಲದ ಹಿಮವನ್ನು ಗುಡ್ಡೆ ಹಾಕಿ, ಮರದ ಚಕ್ಕೆ ಹೊದಿಸಿ ಬೇಸಿಗೆ ದಾಟಿಸುತ್ತಾರೆ. ವರ್ಮಾಂಟ್ ವಿಶ್ವವಿದ್ಯಾಲಯದ ಭೂವಿಜ್ಞಾನಿ ಪಾಲ್ ಬೀರ್ಮನ್ ಮತ್ತವರ ಜೊತೆಗಾರರು 2018ರಲ್ಲಿ ಇದನ್ನು ಪರೀಕ್ಷಿಸಲು ಶುರು ಮಾಡಿದ್ದರು. ಚಕ್ಕೆ ಸರಿಸಿ ಹರಡಿದರೆ ಕಂದು ಹುಲ್ಲಿನ ನಡುವೆ ಬಿಳಿ ಪಟ್ಟಿಯ ಹಾಗೆ ಒಂದು ಸಣ್ಣ ಸುತ್ತು. ಅಲ್ಲಿ ನಮ್ಮವರಿಗೆ ಮೊದಲ ಸಮಯದ ಪರೀಕ್ಷೆ ನಡೆಯಿತು. ಹೊಸ ಹುಡುಗಿ ಅದರಲ್ಲಿ ಇರಲಿಲ್ಲ. ಎಲ್ಲರದೂ ಮುಗಿದ ಮೇಲೆ ಕ್ಯಾಪ್ಟನ್ ಜೊತೆ ನಲವತ್ತು ನಿಮಿಷ ನಿಧಾನವಾಗಿ ಸುತ್ತು ಹಾಕಿದಳು. ಇಬ್ಬರೂ ಮಾತು ನಿಲ್ಲಿಸಲೇ ಇಲ್ಲ. ನನಗೆ ಅಷ್ಟು ದೂರಕ್ಕೂ ನಗು ಕೇಳಿಸುತ್ತಿತ್ತು.

ಜನವರಿಯ ಕಾರ್ನಿವಲ್ ಯಾವುದಕ್ಕೂ ಅವಳು ಹೋಗಲಿಲ್ಲ. ಫೆಬ್ರವರಿ ಕೊನೆಯದಕ್ಕೆ ಹೋದಳು, 41ನೆಯವಳಾಗಿ ಮುಗಿಸಿದಳು. ಫೆರಿಟಿನ್ ಅಷ್ಟರಲ್ಲಿ 34. ಮುಟ್ಟು ಮರಳಿ ಬಂದದ್ದು ಮಾರ್ಚ್‌ನಲ್ಲಿ. ಐದು ತಿಂಗಳು. ಅಕ್ಟೋಬರ್‌ನ ಮೂರು ವಾರ ನಾವು ನೋಡದೇ ಹೋದದ್ದಕ್ಕೆ ಅವಳ ಮೈ ತೆತ್ತದ್ದು ಅಷ್ಟು.

ಎಲ್ಲವೂ ಸರಿಹೋಯಿತು ಅಂತ ಬರೆಯಲಾರೆ. ಅದೇ ಶರತ್ಕಾಲದಲ್ಲಿ, ಆ ಸಭೆಗೆ ಮೂರು ವಾರ ಮುಂಚೆ, ಮೊದಲ ವರ್ಷದ ಒಬ್ಬ ಹುಡುಗ ತಂಡ ಬಿಟ್ಟಿದ್ದ. ‘ಓದು ಜಾಸ್ತಿ ಆಯ್ತು’ ಅಂದಿದ್ದ. ನಾವು ಸರಿ ಅಂದೆವು. ಅವನೂ ಪ್ರತಿ ಭಾನುವಾರ ಬಾಲದಲ್ಲಿ ಇರುತ್ತಿದ್ದ, ನನ್ನ ವ್ಯಾನಿನ ಮೂತಿಯ ಮುಂದೆಯೇ. ಅವನ ಬೆನ್ನಿನ ಮೇಲಿನ ನೀಲಿ ನೀರಿನ ಬೆಲ್ಟು ನನಗೆ ನೆನಪಿದೆ, ಅವನ ಜೊತೆ ಆಡಿದ ಒಂದು ಮಾತೂ ನೆನಪಿಲ್ಲ. ಸಭೆಯಾದ ಮೇಲೆ ಹೋಗಿ ಕೇಳಿದೆ. ಸೌಜನ್ಯದಿಂದ ನಕ್ಕು, ‘ಈಗ ಚೆನ್ನಾಗಿದ್ದೀನಿ’ ಅಂದ. ವಾಪಸ್ ಬರಲಿಲ್ಲ.

ಆವತ್ತಿನಿಂದ ನೋಟ್‌ಬುಕ್ಕಿನಲ್ಲಿ ಮೊದಲ ಕಾಲಂ ಆಟಗಾರರು ಹೇಳುವ ಕಷ್ಟದ ಅಂಕಿಗೆ. ಮೀಟರಿನ ಅಂಕಿ ಎರಡನೆಯದು.

ಮುಂದಿನ ವರ್ಷ ಸೆಪ್ಟೆಂಬರ್‌ನ ಒಂದು ಭಾನುವಾರ. ನಿಯಮ ಹಾಗೇ ಉಳಿದಿತ್ತು. ಮುಂದೆ ಇಬ್ಬರು ಹೊಸಬರು, ಅವರ ಹಿಂದೆ ಉಳಿದವರು. ಹಳೆಯ ಮರದ ಸೇತುವೆಯ ಹತ್ತಿರ ಒಬ್ಬ ಹೊಸ ಹುಡುಗನ ಬೂಟಿನ ಪಟ್ಟಿ ಬಿಚ್ಚಿತು. ಅವನು ಗಾಬರಿಯಿಂದ, ‘ನೀವು ಹೋಗಿ, ನಾನು ಆಮೇಲೆ ಬಂದು ಸೇರಿಕೊಳ್ತೀನಿ’ ಎಂದ. ಎರಡನೇ ವರ್ಷಕ್ಕೆ ಬಂದಿದ್ದ ನಮ್ಮ ಹುಡುಗಿ ಪೋಲ್‌ಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಸೇತುವೆಯ ಕಟಕಟೆಗೆ ಒರಗಿ ನಿಂತಳು. ಜೇಬಿನಿಂದ ಜೇನು ಹಚ್ಚಿದ ಬ್ರೆಡ್ಡು ತೆಗೆದು ತಿನ್ನತೊಡಗಿದಳು. ಅವಳು ನಿಂತದ್ದು ನೋಡಿ ಎಲ್ಲರೂ ನಿಂತರು. ನಾನು ವ್ಯಾನಿನ ಎಂಜಿನ್ ಆಫ್ ಮಾಡಿದೆ.